ಸೆಮಿಕೋಲನ್ ಬೀಳದ ಲ್ಯಾಪ್‌ಟಾಪ್‌ನಲ್ಲಿ ಸಿ ಕಲಿಯಲು ಯಾವ ಉಪಕರಣ?

ಅಕ್ಕನ ಮಗಳು ಮೊದಲ ಸೆಮಿಸ್ಟರಿಗೆ ಸೇರಿದ ವಾರವೇ ನನ್ನ ಹಳೆಯ ಲ್ಯಾಪ್‌ಟಾಪ್ ಅವಳ ಪಾಲಾಯಿತು. 4 ಜಿಬಿ ಮೆಮೊರಿ, ಕಿರುಗುಟ್ಟುತ್ತಾ ತಿರುಗುವ ಹಾರ್ಡ್ ಡಿಸ್ಕ್, ಚಾರ್ಜರ್ ಕಳಚಿದರೆ ಇಪ್ಪತ್ತು ನಿಮಿಷಕ್ಕೆ ಪ್ರಾಣ ಬಿಡುವ ಬ್ಯಾಟರಿ. ಇವೆಲ್ಲಕ್ಕಿಂತ ದೊಡ್ಡ ದೋಷ ಒಂದಿತ್ತು, ಕೊಡುವಾಗ ನಾನು ಅದನ್ನು ಹೇಳಿರಲಿಲ್ಲ. ಸೆಮಿಕೋಲನ್ ಕೀಲಿ ಸವೆದಿದೆ. ಮೂರು ಸಲ ಒತ್ತಿದರೆ ಎರಡು ಸಲ ಬೀಳುತ್ತದೆ. ಹೆಚ್ಚುಕಡಿಮೆ ಪ್ರತಿ ಆದೇಶದ ಕೊನೆಗೂ ಸೆಮಿಕೋಲನ್ ಕೇಳುವ ಸಿ ಭಾಷೆ ಕಲಿಯಲು ಹೊರಟವಳಿಗೆ ಇಂಥ ಕೀಲಿಮಣೆ ಕೊಡುವುದೆಂದರೆ ಈಜು ಕಲಿಯುವವಳ ಕಾಲಿಗೆ ಕಲ್ಲು ಕಟ್ಟಿದಂತೆ.

‘ಮಾಮ, ಪ್ರೋಗ್ರಾಂ ಬರೆಯಲು ಇದರಲ್ಲಿ ಏನು ಹಾಕಿಕೊಳ್ಳಲಿ?’ ಎಂದು ಅವಳು ಕೇಳಿದಾಗ ನಾನು ತಡಮಾಡದೆ ಒಂದು ಹೆಸರು ಹೇಳಿಬಿಟ್ಟೆ. ದಿನವೂ ನಾನು ಬಳಸುವುದು ಅದನ್ನೇ, ಹಾಗಾಗಿ ಬಾಯಿಗೆ ಮೊದಲು ಬಂದದ್ದೂ ಅದೇ. ಎರಡು ದಿನ ಬಿಟ್ಟು ನೋಡಿದರೆ ಅವಳ ಪರದೆಯ ಮೇಲೆ ಸೆಟ್ಟಿಂಗ್ ಕಡತಗಳು ಮೂರು ತೆರೆದಿದ್ದವು, ಸಿ ಭಾಷೆಯ ಸಾಲು ಒಂದೂ ಇರಲಿಲ್ಲ. ಹದಿನೈದು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವನ ಕೈಗೆ ಒಗ್ಗಿದ್ದು ಹದಿನೈದು ದಿನದ ಹಿಂದೆ ಶುರು ಮಾಡಿದವಳ ಕೈಗೂ ಒಗ್ಗಬೇಕೆಂದು ಎಲ್ಲಿದೆ? ತಪ್ಪು ನನ್ನದೇ. ಆ ತಪ್ಪಿನ ಪ್ರಾಯಶ್ಚಿತ್ತವಾಗಿ ಮುಂದಿನ ಎರಡು ಭಾನುವಾರಗಳನ್ನು ಅದೇ ಲ್ಯಾಪ್‌ಟಾಪಿನ ಮುಂದೆ ಕಳೆದೆ. ಮೊದಲ ಭಾನುವಾರ ವಿಂಡೋಸ್‌ನಲ್ಲಿ, ಎರಡನೆಯದು ಪಕ್ಕದಲ್ಲೇ ಕೂರಿಸಿದ ಲಿನಕ್ಸ್ ಮಿಂಟ್‌ನಲ್ಲಿ.

ಪರೀಕ್ಷೆಗೆ ಇಟ್ಟುಕೊಂಡದ್ದು ಒಂದೇ ಪ್ರೋಗ್ರಾಂ. ಒಂದು ಸಂಖ್ಯೆ ಕೇಳಿ ಅದರ ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆಯವರೆಗಿನ ಎಲ್ಲದರ ಗುಣಲಬ್ಧ) ಹೇಳುವ, ಹದಿನಾಲ್ಕು ಸಾಲಿನ ಸಿ ಕಡತ. ಅದರಲ್ಲಿ ಬೇಕೆಂದೇ ನಾಲ್ಕು ಮುಳ್ಳು ಹುದುಗಿಸಿದೆ. ಒಂದು, ಆರನೆಯ ಸಾಲಿನ ಕೊನೆಯಲ್ಲಿ ಸೆಮಿಕೋಲನ್ ಇಲ್ಲ. ಎರಡು, ಕೀಲಿಮಣೆಯಿಂದ ಸಂಖ್ಯೆ ಓದಿಕೊಳ್ಳುವ ಸ್ಕ್ಯಾನ್‌ಎಫ್‌ನಲ್ಲಿ ಚರದ ಮುಂದೆ ಇರಬೇಕಾದ ಆಂಪರ್ಸ್ಯಾಂಡ್ (&) ಚಿಹ್ನೆಯನ್ನು ಬಿಟ್ಟಿದ್ದೇನೆ. ಮೂರು, ‘ಎನ್ ಸೊನ್ನೆಗೆ ಸಮವೇ?’ ಎಂದು ಕೇಳುವ ಕಡೆ ಎರಡು ಸಮಚಿಹ್ನೆಯ ಬದಲು ಒಂದೇ ಇದೆ. ಆಗ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಎನ್‌ಗೆ ಸೊನ್ನೆ ತುಂಬುವ ಅಪ್ಪಣೆಯಾಗುತ್ತದೆ. ಐದರ ಫ್ಯಾಕ್ಟೋರಿಯಲ್ ಕೇಳಿದರೂ 1, ಏಳರದ್ದು ಕೇಳಿದರೂ 1. ನಾಲ್ಕನೆಯದು ಬರವಣಿಗೆಯ ತಪ್ಪಲ್ಲ, ಪಾತ್ರೆ ಸಣ್ಣದಾದ ತಪ್ಪು: 13ರ ಫ್ಯಾಕ್ಟೋರಿಯಲ್ 6227020800, ಅದು ಪೂರ್ಣಾಂಕ ತುಂಬಿಡುವ ಇಂಟ್ ಎಂಬ ಪಾತ್ರೆಯಲ್ಲಿ ಹಿಡಿಸುವುದಿಲ್ಲ.

ಏಕೆ ಮುಳ್ಳುಗಳ ಪರೀಕ್ಷೆ ಎಂದರೆ, ಕಲಿಯುವವರು ಹೆಚ್ಚು ಹೊತ್ತು ಕಳೆಯುವುದು ಬರೆಯುವುದರಲ್ಲಿ ಅಲ್ಲ, ತಪ್ಪಿನ ಎದುರು ಸುಮ್ಮನೆ ಕೂತು. ಬಣ್ಣ ಚೆನ್ನಾಗಿದೆಯೇ, ಎಷ್ಟು ಭಾಷೆ ಗೊತ್ತಿದೆ, ಥೀಮ್ ಎಷ್ಟಿವೆ ಎಂಬುದೆಲ್ಲ ಆಮೇಲಿನ ಮಾತು. ಹದಿನೆಂಟು ವರ್ಷದ ಹುಡುಗಿ ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಕೂತಿರುವಾಗ ಈ ಉಪಕರಣ ಅವಳ ತಪ್ಪನ್ನು ಯಾವ ಮಾತಿನಲ್ಲಿ ಹೇಳುತ್ತದೆ, ಯಾವ ಸಾಲಿಗೆ ಬೆರಳು ತೋರಿಸುತ್ತದೆ? ನಾನು ನೋಡಿದ್ದು ಇಷ್ಟೇ.

ಮೊದಲಿಗೆ ನೀಲಿ ಪರದೆ. ಅವಳ ಪ್ರಯೋಗಾಲಯದಲ್ಲಿ ಇಂದಿಗೂ ಟರ್ಬೊ ಸಿ++ ನಡೆಯುತ್ತಿದೆ. ಬೋರ್ಲ್ಯಾಂಡ್ 1990ರಲ್ಲಿ ಹೊರತಂದ ಈ ಉಪಕರಣ ಅವಳು ಹುಟ್ಟುವ ಎಷ್ಟೋ ಮೊದಲೇ ಹಳತಾಗಿತ್ತು. ಇಂದಿನ ಯಂತ್ರದಲ್ಲಿ ನೇರವಾಗಿ ಓಡುವುದಿಲ್ಲ. ಡಾಸ್‌ಬಾಕ್ಸ್ ಎಂಬ ನಕಲಿ ಡಾಸ್ (ವಿಂಡೋಸ್‌ಗೂ ಹಿಂದಿನ ಕಾರ್ಯವ್ಯವಸ್ಥೆ) ಎಬ್ಬಿಸಿ, ಅದರೊಳಗೆ ಫೋಲ್ಡರನ್ನು ಡ್ರೈವ್ ಎಂದು ನಂಬಿಸಿ, ಆಮೇಲೆ ಇದನ್ನು ತೆರೆಯಬೇಕು. ತೆರೆದ ಮೇಲೆ ಮಾತ್ರ, ಒಪ್ಪಿಕೊಳ್ಳುತ್ತೇನೆ, ಮನಸ್ಸು ಕರಗಿತು. ಆಲ್ಟ್ ಎಫ್9 ಕಂಪೈಲ್ (ಬರೆದದ್ದನ್ನು ಯಂತ್ರದ ಭಾಷೆಗೆ ತರುವುದು), ಕಂಟ್ರೋಲ್ ಎಫ್9 ಓಟ, ಆಲ್ಟ್ ಎಫ್5 ಒತ್ತಿದರೆ ಉತ್ತರದ ಕಪ್ಪು ಪರದೆ. ತಲೆ ಮರೆತದ್ದನ್ನು ಬೆರಳುಗಳು ಮರೆತಿರಲಿಲ್ಲ.

ಮುಳ್ಳುಗಳ ವಿಷಯಕ್ಕೆ ಬಂದರೆ, ಸೆಮಿಕೋಲನ್ ಬಿಟ್ಟದ್ದನ್ನು ಹಿಡಿಯಿತು, ಆದರೆ ಬೆರಳು ತೋರಿಸಿದ್ದು ಏಳನೆಯ ಸಾಲಿಗೆ. ತಪ್ಪು ಆರನೆಯದರಲ್ಲಿದೆ. ಕಂಪೈಲರಿನ ಕಡೆಯಿಂದ ನೋಡಿದರೆ ಇದು ಸರಿಯೇ: ಮುಂದಿನ ಪದ ಎದುರಾಗುವ ತನಕ ವಾಕ್ಯ ಮುಗಿದಿಲ್ಲವೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಆದರೆ ಹೊಸಬರು ಏಳನೆಯ ಸಾಲನ್ನೇ ಹತ್ತು ಸಲ ಓದಿ, ಅಲ್ಲಿ ಏನೂ ತಪ್ಪಿಲ್ಲದ್ದು ಕಂಡು, ತಮ್ಮ ಕಣ್ಣನ್ನೇ ಸಂಶಯಿಸತೊಡಗುತ್ತಾರೆ. ಆಂಪರ್ಸ್ಯಾಂಡ್ ಬಿಟ್ಟದ್ದರ ಬಗ್ಗೆ ಚಕಾರ ಎತ್ತಲಿಲ್ಲ. ಡಾಸ್‌ನಲ್ಲಿ ಮೆಮೊರಿಗೆ ಬೇಲಿಯೇ ಇಲ್ಲ. ಎಲ್ಲೋ ಬರೆದುಕೊಂಡು ಪ್ರೋಗ್ರಾಂ ಮುಂದೆ ಹೋಗಿಬಿಡಬಹುದು, ಇಲ್ಲವೇ ಇಡೀ ಡಾಸ್ ಸ್ತಬ್ಧವಾಗಬಹುದು. ಮೂರನೆಯದಕ್ಕೆ ಮಾತ್ರ ಅಜ್ಜ ನನ್ನನ್ನು ಬೆರಗುಗೊಳಿಸಿದ. ನಾನು ಏನೂ ಕೇಳದೆಯೇ, ‘ಈ ಸಮಚಿಹ್ನೆ ಬಹುಶಃ ತಪ್ಪು’ ಎಂಬ ಎಚ್ಚರಿಕೆ ತಾನಾಗಿ ಬಂತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾಲ್ಕನೆಯದಕ್ಕೆ 13ರವರೆಗೆ ಹೋಗಬೇಕಾಗಿಯೇ ಬರಲಿಲ್ಲ. ಇದರ ಇಂಟ್ 16 ಬಿಟ್‌ನದು, 32767ಕ್ಕೆ ಮುಗಿಯುತ್ತದೆ. ಏಳರ ಫ್ಯಾಕ್ಟೋರಿಯಲ್ 5040 ಸರಿಯಾಗಿ ಬಂತು. ಎಂಟರದ್ದು 40320 ಬರಬೇಕಾದಲ್ಲಿ ಮೈನಸ್ 25216 ಬಂತು. ಋಣ ಸಂಖ್ಯೆ ಕಂಡರೆ ಯಾರಿಗಾದರೂ ಸಂಶಯ ಬರುತ್ತದೆ, ಆ ಮಟ್ಟಿಗೆ ಒಳ್ಳೆಯದೇ.

ಇದರ ನಿಜವಾದ ತೊಂದರೆ ತಪ್ಪು ಹೇಳುವುದರಲ್ಲಿ ಇಲ್ಲ, ಅಂಟಿಸುವ ಚಾಳಿಯಲ್ಲಿದೆ. ಪ್ರತಿ ಪ್ರೋಗ್ರಾಮಿನ ಮೊದಲಿಗೆ ಪರದೆ ಒರೆಸುವ ಆದೇಶ, ಕೊನೆಗೆ ಒಂದು ಕೀಲಿಗಾಗಿ ಕಾಯುವ ಆದೇಶ, ಎರಡಕ್ಕೂ ಡಾಸ್ ಕಾಲದ ಕೋನಿಯೋ ಎಂಬ ಹೆಡರ್ (ಸಿದ್ಧ ಆದೇಶಗಳನ್ನು ಪರಿಚಯಿಸುವ ಕಡತ), ಪ್ರೋಗ್ರಾಂ ಶುರುವಾಗುವ ಮೇನ್‌ನ ಮುಂದೆ ಇಂಟ್ ಬದಲು ವಾಯ್ಡ್. ಸಿ++ಗೆ 1998ರಲ್ಲಿ ಅಂತರರಾಷ್ಟ್ರೀಯ ಮಾನಕ ಬಂದಾಗ ಹೆಡರ್‌ಗಳ ಹೆಸರೇ ಬದಲಾಯಿತು. ಈ ನೀಲಿ ಪರದೆಗೆ ಆ ಸುದ್ದಿ ಮುಟ್ಟಲು ಸಾಧ್ಯವೇ ಇರಲಿಲ್ಲ. ಈ ಚಾಳಿಯಲ್ಲಿ ಬರೆದದ್ದನ್ನು ಹೊರಗೆ ತಂದರೆ ಎಷ್ಟೋ ಸಲ ಓಡುವುದಿಲ್ಲ, ಹೊರಗೆ ಬರೆದದ್ದು ಎಷ್ಟೋ ಸಲ ಒಳಗೆ ಓಡುವುದಿಲ್ಲ. ಪ್ರಯೋಗಾಲಯದಲ್ಲಿ ಅದೇ ಬೇಕೆಂದರೆ ಅಲ್ಲಿ ಅದನ್ನೇ ಬಳಸಲಿ, ಜಗಳವಾಡುವ ಅಗತ್ಯವಿಲ್ಲ. ಮನೆಗೆ ಮಾತ್ರ ತರಬೇಡ ಎಂದೆ.

ಎರಡನೆಯ ಪ್ರಯೋಗ, ಬರೀ ನೋಟ್‌ಪ್ಯಾಡ್ ಮತ್ತು ಬರೀ ಜಿಸಿಸಿ. ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಮೊದಲು ಹೊರತಂದ ಈ ಕಂಪೈಲರ್ ಇಂದು ಹಲವು ಉಪಕರಣಗಳ ಹೊಟ್ಟೆಯಲ್ಲಿ ಕೂತಿರುವುದೇ. ಕಪ್ಪು ಕಿಟಕಿಯಲ್ಲಿ ಜಿಸಿಸಿ ಎಂದು ಬರೆದು, ಕಡತದ ಹೆಸರು ಕೊಟ್ಟು, ಎಂಟರ್ ಒತ್ತಿದರಾಯಿತು. ಕೇಳಲು ಎಷ್ಟು ಸರಳ! ಅಲ್ಲಿಗೆ ತಲುಪುವುದರೊಳಗೆ ವಿಂಡೋಸ್‌ನಲ್ಲಿ ಎರಡು ಹಳ್ಳ ದಾಟಬೇಕು. ನೋಟ್‌ಪ್ಯಾಡ್ ಕಡತದ ಹೆಸರಿನ ಬಾಲಕ್ಕೆ ಇನ್ನೊಂದು ಬಾಲ, ಡಾಟ್ ಟಿಎಕ್ಸ್‌ಟಿ, ಸದ್ದಿಲ್ಲದೆ ಅಂಟಿಸುತ್ತದೆ. ವಿಂಡೋಸ್ ಆ ಬಾಲವನ್ನು ಮರೆಮಾಡಿ ತೋರಿಸುತ್ತದೆ. ಕಡತ ಕಣ್ಣೆದುರೇ ಇದೆ, ಕಂಪೈಲರ್ ಮಾತ್ರ ಅಂಥ ಕಡತವೇ ಇಲ್ಲ ಎನ್ನುತ್ತದೆ. ಇನ್ನೊಂದು ಹಳ್ಳ ಪಾತ್ ಎಂಬ ಪಟ್ಟಿ. ಜಿಸಿಸಿ ಇರುವ ಫೋಲ್ಡರಿನ ವಿಳಾಸವನ್ನು ಅದರಲ್ಲಿ ಸೇರಿಸದಿದ್ದರೆ ‘ಜಿಸಿಸಿ ಎಂಬ ಆದೇಶವೇ ಇಲ್ಲ’ ಎಂಬ ಉತ್ತರ. ಸೇರಿಸಿದ ಮೇಲೂ, ಮೊದಲೇ ತೆರೆದಿದ್ದ ಕಪ್ಪು ಕಿಟಕಿಗೆ ಅದು ಗೊತ್ತಾಗುವುದಿಲ್ಲ, ಮುಚ್ಚಿ ಹೊಸದಾಗಿ ತೆರೆಯಬೇಕು. ಇದು ಗೊತ್ತಿದ್ದೂ ನಾನು ಹತ್ತು ನಿಮಿಷ ಹಳೆಯ ಕಿಟಕಿಯನ್ನೇ ಬೈದೆ. ಲಿನಕ್ಸ್‌ನಲ್ಲಿ ಈ ಎರಡೂ ಇಲ್ಲ. ಬಿಲ್ಡ್ ಎಸೆನ್ಷಿಯಲ್ ಎಂಬ ಒಂದು ಪೊಟ್ಟಣ ಹಾಕಿದರೆ ಕಂಪೈಲರ್ ಸಿದ್ಧ.

ಆದರೆ ತಪ್ಪು ಹೇಳುವುದರಲ್ಲಿ ಇದೇ ಮೇಷ್ಟ್ರು. ಸೆಮಿಕೋಲನ್ ಬಿಟ್ಟದ್ದಕ್ಕೆ ಈಗಿನ ಜಿಸಿಸಿ ಆರನೆಯ ಸಾಲನ್ನೇ ಬರೆದು ತೋರಿಸಿ, ಸಾಲಿನ ಕೊನೆಯ ಅಕ್ಷರದ ಮುಂದಿನ ಖಾಲಿ ಜಾಗದ ಕೆಳಗೆ ಪುಟ್ಟ ಬಾಣದ ತಲೆ ಇಟ್ಟು, ಅದರ ಕೆಳಗೆ ಹಸಿರಿನಲ್ಲಿ ಒಂದು ಸೆಮಿಕೋಲನ್ ಬರೆದುಕೊಡುತ್ತದೆ. ಇಲ್ಲಿ ಇದು ಬೇಕಿತ್ತು, ಅಷ್ಟೇ. ಬಾಣದ ತಲೆ ತೋರಿಸುವ ಈ ಪದ್ಧತಿ 2013ರ 4.8ನೆಯ ಆವೃತ್ತಿಯಲ್ಲಿ ಬಂದದ್ದು. ಅದಕ್ಕೂ ಮೊದಲು ಕಲಿತ ನಮ್ಮಂಥವರು ಸಾಲಿನ ಸಂಖ್ಯೆ ಹಿಡಿದುಕೊಂಡು ಅಲೆದವರು.

ಮೂರನೆಯ ಮುಳ್ಳಿಗೆ ಬಂದಾಗ ನನಗೆ ನಾಚಿಕೆಯಾಯಿತು. ಸಮಚಿಹ್ನೆಯ ತಪ್ಪಿಗೆ ಜಿಸಿಸಿ ಒಂದು ಮಾತೂ ಆಡಲಿಲ್ಲ! ಕಂಪೈಲ್ ಆಯಿತು, ಓಡಿತು, ಐದರ ಫ್ಯಾಕ್ಟೋರಿಯಲ್ 1 ಎಂದಿತು. ನೀಲಿ ಪರದೆಯ ಅಜ್ಜ ಕೇಳದೆಯೇ ಹೇಳಿದ್ದನ್ನು ಮೇಷ್ಟ್ರು ಕೇಳಿದರಷ್ಟೇ ಹೇಳುತ್ತಾರೆ. ಕೇಳುವ ಬಗೆ ಯಾವುದೆಂದರೆ, ಆದೇಶದಲ್ಲಿ ಮೈನಸ್ ಡಬ್ಲ್ಯೂ, ಅದಕ್ಕೆ ಅಂಟಿ ಆಲ್ (-Wall). ಕೂಡಿಸಿ ಓದಿದರೆ ವಾಲ್ ಆಗುತ್ತದೆ, ಹಾಗಾಗಿ ಅಕ್ಕನ ಮಗಳು ಅದಕ್ಕೆ ‘ಗೋಡೆ’ ಎಂದೇ ಹೆಸರಿಟ್ಟಳು. ಗೋಡೆ ಹಾಕಿದರೆ ಸಮಚಿಹ್ನೆಯೂ ಆಂಪರ್ಸ್ಯಾಂಡೂ ಎರಡೂ ಸಿಕ್ಕಿಬೀಳುತ್ತವೆ. ‘ನೀನು ಕೊಟ್ಟದ್ದು ಇಂಟ್, ನನಗೆ ಬೇಕಾದದ್ದು ಇಂಟ್‌ನ ವಿಳಾಸ’ ಎಂದು ಬಿಡಿಸಿ ಹೇಳುತ್ತದೆ. ವಾಯ್ಡ್ ಮೇನ್ ಬರೆದರೂ ಗದರುತ್ತದೆ. ಆಲ್ ಎಂದರೆ ಎಲ್ಲ ಎಂದುಕೊಳ್ಳಬೇಡಿ, ಇನ್ನೂ ಬೇಕೆಂದರೆ ಎಕ್ಸ್‌ಟ್ರಾ ಎಂಬುದು ಬೇರೆಯೇ ಇದೆ. ಆದರೆ ಕಲಿಯುವವರು ಗೋಡೆಯೊಂದನ್ನಾದರೂ ಹಾಕದೆ ಕಂಪೈಲ್ ಮಾಡಬಾರದು ಎಂಬುದು ನನ್ನ ಹಟ.

ಹಳೆಯ ಪುಸ್ತಕದ ಪ್ರೋಗ್ರಾಂಗಳನ್ನು ಹೊಡೆದು ನೋಡುವವರಿಗೆ ಇಲ್ಲೇ ಒಂದು ಮಾತು. 2024ರಲ್ಲಿ ಬಂದ ಜಿಸಿಸಿ 14ರಿಂದ, ಘೋಷಿಸದ ಫಂಕ್ಷನನ್ನು ಸಿ ಭಾಷೆಯಲ್ಲಿ ಕರೆದರೆ ಎಚ್ಚರಿಕೆಯಲ್ಲ, ನೇರ ದೋಷ. ಮೊದಲು ಗೊಣಗಿಕೊಂಡಾದರೂ ಕಂಪೈಲ್ ಆಗುತ್ತಿದ್ದದ್ದು ಈಗ ಬಾಗಿಲಲ್ಲೇ ನಿಲ್ಲುತ್ತದೆ. ಪುಸ್ತಕ ಸುಳ್ಳು ಹೇಳಿತೆಂದಲ್ಲ, ಕಾವಲುಗಾರ ಬದಲಾಗಿದ್ದಾನೆ.

ಮೂರನೆಯದು ಕೋಡ್‌ಬ್ಲಾಕ್ಸ್. ಎಡಿಟರ್, ಕಂಪೈಲ್ ಗುಂಡಿ, ಪ್ರೋಗ್ರಾಮನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸಿ ನೋಡುವ ಡೀಬಗ್ಗರ್ ಎಲ್ಲ ಒಂದೇ ಕಿಟಕಿಯಲ್ಲಿ. ವಿಂಡೋಸ್ ಬಿಡಲು ಇಷ್ಟವಿಲ್ಲದ, ಸೆಟ್ಟಿಂಗ್ ಎಂದರೆ ತಲೆನೋವೆನ್ನುವ ವಿದ್ಯಾರ್ಥಿಗೆ ಇವತ್ತಿಗೂ ನಾನು ಹೇಳುವುದು ಇದನ್ನೇ. ಷರತ್ತು ಒಂದೇ: ಇಳಿಸಿಕೊಳ್ಳುವ ಪುಟದಲ್ಲಿ ಎರಡು ಬಗೆಯ ಕಡತಗಳಿವೆ, ಹೆಸರಿನಲ್ಲಿ ಮಿನ್‌ಜಿಡಬ್ಲ್ಯೂ (ವಿಂಡೋಸ್‌ಗೆ ಹೊಂದಿಸಿದ ಜಿಸಿಸಿ) ಎಂದು ಇರುವುದನ್ನೇ ತೆಗೆದುಕೊಳ್ಳಬೇಕು. ಇನ್ನೊಂದರಲ್ಲಿ ಕಂಪೈಲರ್ ಇರುವುದಿಲ್ಲ. ಚಿಕ್ಕದಾಗಿದೆಯಲ್ಲ ಎಂದು ನಾನು ಮೊದಲು ಇಳಿಸಿದ್ದು ಆ ಇನ್ನೊಂದನ್ನೇ. ಗಾಡಿ ತಂದಿದ್ದೆ, ಎತ್ತು ತಂದಿರಲಿಲ್ಲ.

ಹೊಟ್ಟೆಯಲ್ಲಿರುವುದು ಜಿಸಿಸಿಯೇ ಆದ್ದರಿಂದ ತಪ್ಪಿನ ಮಾತುಗಳೂ ಅವೇ. ಆದರೆ ಕೆಳಗಿನ ಪಟ್ಟಿಯಲ್ಲಿ ಬಾಣದ ತಲೆಯ ಚಿತ್ರ ಕಳಚಿಹೋಗಿ, ಸಾಲು ಸಂಖ್ಯೆ ಮತ್ತು ಒಂದು ವಾಕ್ಯ ಮಾತ್ರ ಉಳಿಯುತ್ತದೆ. ಪಕ್ಕದ ಬಿಲ್ಡ್ ಲಾಗ್ ಎಂಬ ಹಾಳೆಗೆ ಹೋದರೆ ನಡೆದ ಆದೇಶ ಕಾಣುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಸಬೇಕು. ಗೋಡೆಗೆ ಸೆಟ್ಟಿಂಗ್‌ನಲ್ಲಿ ಟಿಕ್ ಬಿದ್ದಿದೆಯೇ ಎಂದೂ ನೋಡಿಕೊಳ್ಳಬೇಕು. ಆಂಪರ್ಸ್ಯಾಂಡ್ ಇಲ್ಲದ ಪ್ರೋಗ್ರಾಂ ಓಡಿಸಿದಾಗ ಕಪ್ಪು ಕಿಟಕಿ ಒಂದು ಕ್ಷಣ ಉಸಿರು ಹಿಡಿದು, ‘ಮೈನಸ್ 1073741819 ಹಿಂದಿರುಗಿತು’ ಎಂದಿತು. ಅಕ್ಕನ ಮಗಳು ಅದನ್ನೇ ಉತ್ತರವೆಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಅವಳನ್ನು ನೋಡಿ ನಗುವ ಹಾಗಿಲ್ಲ. ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದ್ದಕ್ಕೆ ವಿಂಡೋಸ್ ಪ್ರೋಗ್ರಾಮನ್ನು ಕೊಂದಾಗ ಬಿಟ್ಟುಹೋಗುವ ಗುರುತು ಅದು ಎಂದು ಆ ಸಂಖ್ಯೆಯ ಮುಖದ ಮೇಲೆ ಎಲ್ಲಿ ಬರೆದಿದೆ? 13ರ ಫ್ಯಾಕ್ಟೋರಿಯಲ್ ಕೇಳಿದಾಗ 1932053504 ಎಂದಿತು. ಮೈನಸ್ ಇಲ್ಲ, ಹತ್ತು ಅಂಕಿ, ನೋಡಲು ಸಭ್ಯ. ಟರ್ಬೊದ ಮೈನಸ್ ಸಂಖ್ಯೆಗಿಂತ ಇಂಥ ಸಭ್ಯ ಸುಳ್ಳೇ ಅಪಾಯ.

ಡೀಬಗ್ಗರ್ ಬಳಸಬೇಕೆಂದರೆ ಇಲ್ಲಿ ಒಂಟಿ ಕಡತ ಸಾಲದು, ಪ್ರಾಜೆಕ್ಟ್ ಮಾಡಬೇಕು. ಹದಿನಾಲ್ಕು ಸಾಲಿಗೆ ಪ್ರಾಜೆಕ್ಟ್ ಎನ್ನುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೇ ಸರಿ. ಆದರೂ ಒಂದು ಸಲ ಮಾಡಿ, ಫಾರ್ ಲೂಪಿನ ಒಳಗೆ ಒಂದೊಂದೇ ಹೆಜ್ಜೆ ಇಟ್ಟು, ಐ ಎಂಬ ಎಣಿಕೆ ಏರುವುದನ್ನೂ ಫ್ಯಾಕ್ಟ್ ಎಂಬ ಗುಣಲಬ್ಧ ಉಬ್ಬುವುದನ್ನೂ ಅವಳಿಗೆ ತೋರಿಸಿದೆ. ಅರ್ಧ ಗಂಟೆಯ ವಿವರಣೆಯಿಂದ ಆಗದ ಕೆಲಸ ಎರಡು ನಿಮಿಷದಲ್ಲಿ ಆಯಿತು. ಅಷ್ಟಕ್ಕೇ ಸಾಕೆನ್ನುವವರಿಗೆ ಪೈಥಾನ್ ಟ್ಯೂಟರ್ ಎಂಬ ಜಾಲತಾಣವಿದೆ. ಹೆಸರಿನಲ್ಲಿ ಪೈಥಾನ್ ಇದ್ದರೂ ಸಿ ಪ್ರೋಗ್ರಾಂಗಳನ್ನೂ ಹೆಜ್ಜೆ ಹೆಜ್ಜೆಯಾಗಿ, ಪೆಟ್ಟಿಗೆ ಮತ್ತು ಬಾಣಗಳ ಚಿತ್ರದಲ್ಲಿ ತೋರಿಸುತ್ತದೆ. ಪಾಯಿಂಟರ್ ಪಾಠ ಬಂದಾಗ ಅದನ್ನು ತೆರೆದಿಟ್ಟುಕೊಳ್ಳಿ.

ಇನ್ನು ಎಲ್ಲರ ಬಾಯಲ್ಲಿರುವ ವಿಷುಯಲ್ ಸ್ಟುಡಿಯೊ ಕೋಡ್. 2015ರಲ್ಲಿ ಬಂದ ಇದು ಒಳ್ಳೆಯ ಉಪಕರಣ, ನನ್ನ ಅನ್ನದ ಉಪಕರಣ, ಅವಳಿಗೆ ನಾನು ತಡಮಾಡದೆ ಹೇಳಿಬಿಟ್ಟದ್ದೂ ಇದನ್ನೇ. ಆದರೆ ಇದು ಎಡಿಟರ್ ಮಾತ್ರ ಎಂಬುದನ್ನು ಹೊಸಬರಿಗೆ ಯಾರೂ ಮೊದಲೇ ಹೇಳುವುದಿಲ್ಲ. ಕಂಪೈಲರನ್ನು ಬೇರೆಯೇ ತರಬೇಕು, ಸಿ ಭಾಷೆಯ ವಿಸ್ತರಣೆ ಹಾಕಬೇಕು, ಕಂಪೈಲ್ ಮಾಡುವ ಬಗೆಯನ್ನು ಜೇಸನ್ ಎಂಬ ಬರವಣಿಗೆ ರೂಪದ ಒಂದು ಸೆಟ್ಟಿಂಗ್ ಕಡತದಲ್ಲಿ, ಡೀಬಗ್ ಮಾಡುವ ಬಗೆಯನ್ನು ಇನ್ನೊಂದರಲ್ಲಿ ಹೇಳಿಕೊಡಬೇಕು. ಒಮ್ಮೆ ಕೂಡಿಬಂದರೆ ಸುಖ. ಕೂಡಿಬರುವ ತನಕ ಕಲಿಯುವುದು ಸಿ ಅಲ್ಲ, ಜೇಸನ್.

ಅದಕ್ಕಿಂತ ಸೂಕ್ಷ್ಮವಾದದ್ದು, ಇಲ್ಲಿ ತಪ್ಪು ಹೇಳುವ ಬಾಯಿ ಎರಡು. ಬರೆಯುತ್ತಿರುವಾಗಲೇ ಕೆಂಪು ಅಲೆಗೆರೆ ಎಳೆಯುವುದು ವಿಸ್ತರಣೆ. ಆಮೇಲೆ ಟರ್ಮಿನಲ್ಲಿನಲ್ಲಿ, ಅಂದರೆ ಆದೇಶ ಹೊಡೆಯುವ ಕಪ್ಪು ಕಿಟಕಿಯಲ್ಲಿ, ಮಾತಾಡುವುದು ಕಂಪೈಲರ್. ಇಬ್ಬರಿಗೂ ಸದಾ ಒಮ್ಮತ ಇರುವುದಿಲ್ಲ. ಹೆಡರ್ ಎಲ್ಲಿದೆ ಎಂದು ವಿಸ್ತರಣೆಗೆ ಗೊತ್ತಿಲ್ಲದಿದ್ದರೆ ಸರಿಯಾದ ಪ್ರೋಗ್ರಾಮಿಗೂ ಮೊದಲ ಸಾಲಿನಲ್ಲೇ ಕೆಂಪು ಗೆರೆ ಬೀಳುತ್ತದೆ, ಕಂಪೈಲರ್ ಅದನ್ನೇ ನಗುನಗುತ್ತಾ ಕಂಪೈಲ್ ಮಾಡುತ್ತದೆ. ಯಾರ ಮಾತು ನಂಬಬೇಕೆಂದು ಗೊತ್ತಿರುವವರಿಗೆ ಇದು ತಮಾಷೆ, ಗೊತ್ತಿಲ್ಲದವರಿಗೆ ದಿಗಿಲು. ಓಟದ ಗುಂಡಿಗೆಂದು ಹಲವರು ಹಾಕಿಕೊಳ್ಳುವ ಕೋಡ್ ರನ್ನರ್ ವಿಸ್ತರಣೆ ಮೊದಲಿಗೆ ಉತ್ತರವನ್ನು ತೋರಿಸುವುದು ಓದಲಿಕ್ಕಷ್ಟೇ ಇರುವ ಅಂಕಣದಲ್ಲಿ. ಸ್ಕ್ಯಾನ್‌ಎಫ್ ಸಂಖ್ಯೆಗಾಗಿ ಕಾಯುತ್ತದೆ, ಅಲ್ಲಿ ಸಂಖ್ಯೆ ಹೊಡೆಯಲು ಜಾಗವೇ ಇಲ್ಲ. ಟರ್ಮಿನಲ್ಲಿನಲ್ಲಿ ಓಡಿಸು ಎಂಬ ಆಯ್ಕೆಗೆ ಟಿಕ್ ಹಾಕಿದರೆ ಸರಿಹೋಗುತ್ತದೆ. ಕಡತದ ಹೆಸರಿನ ಪಕ್ಕದ ದುಂಡು ಚುಕ್ಕೆಯನ್ನೂ ಗಮನಿಸಿ. ಚುಕ್ಕೆ ಇದ್ದರೆ ಉಳಿಸಿಲ್ಲ ಎಂದರ್ಥ. ಹಾಗೆಯೇ ಟರ್ಮಿನಲ್ಲಿನಲ್ಲಿ ಜಿಸಿಸಿ ಕರೆದರೆ ಅದು ಕಂಪೈಲ್ ಮಾಡುವುದು ನಿನ್ನೆಯ ಕಡತವನ್ನು.

ಬೂದು ಅಕ್ಷರಗಳ ಕಾಟ ಬೇರೆ. ಫ್ಯಾಕ್ಟ್ ಎಂದು ನಾಲ್ಕು ಅಕ್ಷರ ಹೊಡೆಯುವಷ್ಟರಲ್ಲಿ ಕೃತಕ ಬುದ್ಧಿಯ ನೆರವು ಇಡೀ ಲೂಪನ್ನು ಬರೆದು, ಟ್ಯಾಬ್ ಒತ್ತುತ್ತೀಯಾ ಎಂದು ಕಾಯುತ್ತದೆ. ಕೆಲಸದಲ್ಲಿ ನಾನೂ ಒತ್ತುತ್ತೇನೆ. ಕಲಿಯುವ ಹುಡುಗಿಗೆ ಮಾತ್ರ ಇದು ಪದಬಂಧದ ಉತ್ತರವನ್ನು ಪದಬಂಧದ ಮೇಲೆಯೇ ಅಚ್ಚು ಹಾಕಿ ಕೊಟ್ಟಂತೆ. ಮೊದಲ ವರ್ಷ ಅದನ್ನು ಆರಿಸಿಡಿ. 4 ಜಿಬಿ ಮೆಮೊರಿಯ ವಿಷಯ ಎತ್ತುವುದೇ ಬೇಡ; ಇದು ಎಲೆಕ್ಟ್ರಾನ್ ಮೇಲೆ ಕಟ್ಟಿದ್ದು, ಅಂದರೆ ಒಳಗೊಂದು ಇಡೀ ಬ್ರೌಸರ್ ಓಡುತ್ತಿರುತ್ತದೆ. ಪಕ್ಕದಲ್ಲಿ ಇನ್ನೊಂದು ಬ್ರೌಸರ್ ತೆರೆದರೆ ನನ್ನ ಹಳೆಯ ಡಿಸ್ಕ್ ಅಳತೊಡಗುತ್ತದೆ.

ಕೊನೆಗೆ ಉಳಿದುಕೊಂಡದ್ದು, ಈಗ ಅವಳ ಪರದೆಯ ಮೇಲೆ ಇರುವುದು, ಜೀನಿ. 2005ರಿಂದ ಇರುವ ಉಚಿತ, ಮುಕ್ತ ಎಡಿಟರ್. ಹೆಸರನ್ನು ದೀಪದಿಂದ ಹೊರಬರುವ ಜೀನಿಯಂತೆಯೇ ಉಚ್ಚರಿಸಬೇಕು. ನನಗೆ ಮಾತ್ರ ನಮ್ಮ ‘ಜೀನ’ ನೆನಪಾಗುತ್ತಾನೆ. ಮೆಮೊರಿ ಖರ್ಚು ಮಾಡುವುದರಲ್ಲಿ ಇದು ಅಂಥ ಜಿಪುಣ. ಆ ಮುದಿ ಡಿಸ್ಕಿನಲ್ಲೂ ಎರಡು ಉಸಿರಿನೊಳಗೆ ತೆರೆದುಕೊಳ್ಳುತ್ತದೆ. ಚೆಂದವೆಂದು ಹೇಳಲಾರೆ. ಗುಂಡಿಗಳ ಸಾಲು ಇಪ್ಪತ್ತು ವರ್ಷ ಹಿಂದಿನ ಕಚೇರಿಯ ಕಪಾಟಿನಂತಿದೆ.

ನಾನು ಸೋತದ್ದು ಮೂರು ಕೀಲಿಗಳಿಗೆ. ಎಫ್8 ಒತ್ತಿದರೆ ಕಂಪೈಲ್ ಮಾತ್ರ. ಎಫ್9 ಒತ್ತಿದರೆ ಜೋಡಿಸಿ, ಓಡಬಲ್ಲ ಕಡತ ಕಟ್ಟುತ್ತದೆ. ಎಫ್5 ಒತ್ತಿದರೆ ಓಟ. ಉಳಿದ ಕಡೆ ಒಂದೇ ಹಸಿರು ತ್ರಿಕೋನದ ಹಿಂದೆ ಅಡಗಿರುವ ಮೂರು ಬೇರೆ ಬೇರೆ ಕೆಲಸಗಳು ಇಲ್ಲಿ ಬೆರಳಿಗೆ ಬೇರೆ ಬೇರೆಯಾಗಿ ಸಿಗುತ್ತವೆ. ಮೇಲಾಗಿ ಪ್ರತಿ ಸಲವೂ ಕೆಳಗಿನ ಅಂಕಣದಲ್ಲಿ ತಾನು ಕೊಟ್ಟ ಆದೇಶವನ್ನು ಪೂರ್ತಿ ಬರೆದು ತೋರಿಸುತ್ತದೆ, ಗೋಡೆಯೂ ಸೇರಿ. ಹೌದು, ಸಿ ಕಡತಕ್ಕೆ ಗೋಡೆಯನ್ನು ಅದು ಮೊದಲೇ ಹಾಕಿಟ್ಟಿರುತ್ತದೆ. ದೋಷ ಬಂದರೆ ಆ ವಾಕ್ಯವನ್ನು ಕ್ಲಿಕ್ ಮಾಡಿದರೆ ಸಾಲಿಗೇ ಕರೆದೊಯ್ಯುತ್ತದೆ, ಸಾಲಿನ ಕೆಳಗೆ ಗೆರೆ ಎಳೆದಿರುತ್ತದೆ. ಎರಡು ಬಾಯಿಯ ಗೊಂದಲವಿಲ್ಲ, ಮಾತಾಡುವುದು ಕಂಪೈಲರ್ ಒಂದೇ.

ಮೊದಲ ಮೂರು ಮುಳ್ಳು ಒಂದರ ಹಿಂದೆ ಒಂದು ಹೊರಬಂದವು. ನಾಲ್ಕನೆಯದಕ್ಕೆ ಸ್ವಲ್ಪ ಕೈಯಾಡಿಸಬೇಕಾಯಿತು. ಬಿಲ್ಡ್ ಮೆನುವಿನ ಕೊನೆಯಲ್ಲಿ ಆದೇಶಗಳನ್ನು ತಿದ್ದುವ ಕಿಟಕಿ ಇದೆ. ಅಲ್ಲಿ ಕಟ್ಟುವ ಆದೇಶಕ್ಕೆ ಓಡುವಾಗಲೇ ಇಂಥ ತಪ್ಪು ಹಿಡಿಯುವ ಮೈನಸ್ ಎಫ್ ಸ್ಯಾನಿಟೈಜ್, ಅದಕ್ಕೆ ಅನ್‌ಡಿಫೈನ್ಡ್ (-fsanitize=undefined) ಎಂದು ಸೇರಿಸಿದೆ. ಈಗ 13 ಕೊಟ್ಟರೆ ಆ ಸಭ್ಯ ಸುಳ್ಳಿನ ಮುಂಚೆ ಇನ್ನೊಂದು ಸಾಲು ಬಂತು: 479001600 ಗುಣಿಸು 13, ಇದು ಇಂಟ್‌ನಲ್ಲಿ ಹಿಡಿಸದು. ಎಷ್ಟನೆಯ ಸಾಲಿನಲ್ಲಿ ಹೀಗಾಯಿತೆಂಬುದೂ ಜೊತೆಗೇ ಇತ್ತು. ಅವಳು ಕುರ್ಚಿಯಿಂದ ಅರ್ಧ ಎದ್ದಳು. 479001600 ಎಂದರೆ 12ರ ಫ್ಯಾಕ್ಟೋರಿಯಲ್ ಅಲ್ಲವೇ ಎಂದು ತಾನೇ ಲೆಕ್ಕ ಹಾಕಿ, ಹನ್ನೆರಡರವರೆಗೆ ಸರಿ, ಹದಿಮೂರಕ್ಕೆ ತುಳುಕಿತು ಎಂದು ತಾನೇ ಹೇಳಿದಳು. ಎರಡು ಭಾನುವಾರಗಳಲ್ಲಿ ನಾನು ಕಾದು ಕೂತದ್ದು ಇಂಥ ಒಂದು ಘಳಿಗೆಗೆ.

ಜೀನಿಯ ದೋಷಗಳನ್ನೂ ಹೇಳಬೇಕು. ಇದರಲ್ಲಿಯೂ ಕಂಪೈಲರ್ ಇಲ್ಲ, ಹಾಗಾಗಿ ವಿಂಡೋಸ್‌ನಲ್ಲಿ ಪಾತ್ ಎಂಬ ಹಳ್ಳ ಮತ್ತೆ ಎದುರಾಗುತ್ತದೆ. ಲಿನಕ್ಸ್‌ನಲ್ಲಿ ಮಾತ್ರ ನಿಶ್ಚಿಂತೆ. ವರ್ಗಮೂಲ ಬಳಸಿದ ಪ್ರೋಗ್ರಾಂ ಕಂಪೈಲ್ ಆಗಿ, ಕಟ್ಟುವಾಗ ‘ಇಂಥ ಹೆಸರು ಸಿಗಲಿಲ್ಲ’ ಎಂದು ನಿಂತಿತು. ಗಣಿತದ ಲೈಬ್ರರಿಯನ್ನು ಮೈನಸ್ ಎಲ್ಎಂ ಎಂದು ಆದೇಶದ ಕೊನೆಗೆ ನಾವೇ ಸೇರಿಸಬೇಕು. ಎಫ್8ಕ್ಕೆ ಏನೂ ತಪ್ಪಿಲ್ಲ, ಎಫ್9ಕ್ಕೆ ತಪ್ಪು ಎಂದು ಕಣ್ಣಾರೆ ಕಂಡದ್ದರಿಂದ ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್ ಎಂಬ ಬೇರೆಯದೇ ಪ್ರಾಣಿ ಇದೆಯೆಂದು ಅವಳಿಗೆ ಹೇಳಿಕೊಡುವುದು ಸುಲಭವಾಯಿತು. ಇನ್ನೊಂದು, ಎಫ್5 ತಾನಾಗಿ ಮರುಕಂಪೈಲ್ ಮಾಡುವುದಿಲ್ಲ. ತಿದ್ದಿದ ಮೇಲೆ ಎಫ್9 ಮರೆತು ಎಫ್5 ಒತ್ತಿದರೆ ಹಳೆಯ ಪ್ರೋಗ್ರಾಮೇ ಓಡುತ್ತದೆ. ಒಂದು ಸಂಜೆ ಪೂರ್ತಿ ಅವಳು ಸರಿಯಾದ ಪ್ರೋಗ್ರಾಮನ್ನು ಮತ್ತೆ ಮತ್ತೆ ತಿದ್ದಿ ಕೆಡಿಸಿದ್ದಾಳೆ.

ಬ್ರೌಸರಿನಲ್ಲೇ ಕಂಪೈಲ್ ಮಾಡುವ ಜಾಲತಾಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವಸರಕ್ಕೆ ಒಳ್ಳೆಯವು. ಆದರೆ ಹಲವು ಕಡೆ ಕೊಡಬೇಕಾದ ಸಂಖ್ಯೆಗಳನ್ನೆಲ್ಲ ಓಟಕ್ಕೆ ಮೊದಲೇ ಒಂದು ಪೆಟ್ಟಿಗೆಯಲ್ಲಿ ತುಂಬಿಡಬೇಕು. ಪ್ರೋಗ್ರಾಂ ಕೇಳುವುದು, ನಾವು ಉತ್ತರಿಸುವುದು ಎಂಬ ಸಂಭಾಷಣೆಯೇ ಇರುವುದಿಲ್ಲ. ಲ್ಯಾಪ್‌ಟಾಪೇ ಇಲ್ಲದವರಿಗೆ ಆಂಡ್ರಾಯ್ಡ್ ಮೊಬೈಲಿನಲ್ಲಿ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಹಾಕಿ, ಅದರೊಳಗೆ ಕ್ಲಾಂಗ್ ಕಂಪೈಲರ್ ಇಳಿಸಿಕೊಳ್ಳುವ ದಾರಿಯಿದೆ. ತಪ್ಪು ಹೇಳುವುದರಲ್ಲಿ ಕ್ಲಾಂಗ್ ಜಿಸಿಸಿಗೆ ಸರಿಸಮ. ಬೆರಳ ತುದಿಯಲ್ಲಿ ಪುಷ್ಪಾವರಣಗಳನ್ನು ಹುಡುಕುವ ತಾಳ್ಮೆ ನನಗಿಲ್ಲ, ಅವಳ ಗೆಳತಿಯೊಬ್ಬಳಿಗಿದೆ.

ಮುಗಿಸುವ ಮುನ್ನ, ಕನ್ನಡದಲ್ಲಿ ಉತ್ತರ ಮುದ್ರಿಸುವ ಆಸೆ ಇರುವವರಿಗೆ. ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಉಳಿಸಿದರೆ ಜಿಸಿಸಿಗೆ ತಕರಾರಿಲ್ಲ. ತಕರಾರು ಟರ್ಮಿನಲ್ಲಿನದು, ಹಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ‘ಕನ್ನಡ’ ಪದದ ಉದ್ದ ಎಷ್ಟು ಎಂದು ಸ್ಟ್ರ್‌ಲೆನ್ ಎಂಬ ಉದ್ದ ಎಣಿಸುವ ಫಂಕ್ಷನನ್ನು ಕೇಳಿದಾಗ 15 ಎಂದಿತು. ಕಣ್ಣಿಗೆ ಮೂರು ಅಕ್ಷರ. ಎರಡು ನ, ನಡುವೆ ಅವನ್ನು ಕಟ್ಟುವ ಹಲಂತ ಚಿಹ್ನೆ, ಅತ್ತ ಕ, ಇತ್ತ ಡ, ಒಟ್ಟು ಐದು ಸಂಕೇತ. ಒಂದೊಂದಕ್ಕೆ ಮೂರು ಬೈಟ್. ಅಕ್ಷರ ಮತ್ತು ಬೈಟ್ ಬೇರೆ ಎಂಬ ಪಾಠ ಇಂಗ್ಲಿಷ್ ಪದ ಹಿಡಿದವರಿಗೆ ಇಷ್ಟು ಬೇಗ ಸಿಗುವುದಿಲ್ಲ.

ಮೂರು ವಾರವಾಯಿತು. ಸೆಮಿಕೋಲನ್ ದೋಷ ಬಂದಾಗಲೆಲ್ಲ ಅವಳು ನೋಟ್ ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಹಾಕುತ್ತಾಳೆ. ಎರಡು ಅಂಕಣ: ‘ನನ್ನದು’, ‘ಕೀಲಿಯದು’. ಮೊನ್ನೆ ಎಣಿಸಿದಾಗ ನನ್ನದು 14, ಕೀಲಿಯದು 27. ಹೊರಗಿನಿಂದ ಚುಚ್ಚುವ ಹೊಸ ಕೀಲಿಮಣೆ ತಂದುಕೊಡುತ್ತೇನೆ ಎಂದೆ. ಬೇಡ ಎಂದಳು. ಆಗ 41ನ್ನೂ ಒಂದೇ ಅಂಕಣದಲ್ಲಿ ಬರೆಯಬೇಕಾಗುತ್ತದಂತೆ.